ನಡುರಾತ್ರಿಯ ಸ್ಕ್ಯಾನ್ ಓದುವ ಕಣ್ಣುಗಳು

ಮುಂಬಯಿ: ಹೋಟೆಲ್ ಮುಚ್ಚಿದ ಬಳಿಕ ಕಡೆಯ ಲೋಕಲ್ ಹಿಡಿದು ಮನೆ ಸೇರುವವರು ನಮ್ಮವರಲ್ಲಿ ಅನೇಕರು. ಹಾಗೆ ಬರುವಾಗ ರೈಲಿನಿಂದ ಬಿದ್ದೋ, ವಾಹನ ತಗಲಿಯೋ ತಲೆಗೆ ಪೆಟ್ಟಾದವರು ಎದ್ದು ಕುಳಿತು ಮಾತನಾಡಿದರೆ, 'ದೇವರು ದೊಡ್ಡವನು, ಏನೂ ಆಗಿಲ್ಲ' ಎಂದು ಮನೆಗೆ ಕರೆದೊಯ್ಯುವುದುಂಟು. ಆದರೆ ತಲೆಬುರುಡೆಯೊಳಗೆ ರಕ್ತ ಸೋರುತ್ತಿದ್ದರೂ ಮನುಷ್ಯ ಕೆಲವು ಗಂಟೆ ಸರಿಯಾಗಿಯೇ ಮಾತನಾಡಬಲ್ಲ. ಅನಂತರ ಏಕಾಏಕಿ ಪ್ರಜ್ಞೆ ತಪ್ಪಬಹುದು.

ಇಂತಹ ರಕ್ತಸ್ರಾವವನ್ನು ಕೆಲವೇ ನಿಮಿಷಗಳಲ್ಲಿ ತೋರಿಸಿಕೊಡುವುದು ಸಿಟಿ ಸ್ಕ್ಯಾನ್. ಆದರೆ ಯಂತ್ರ ಚಿತ್ರವನ್ನಷ್ಟೇ ತೆಗೆಯುತ್ತದೆ. ಅದನ್ನು ಆ ಹೊತ್ತಿಗೇ ಸರಿಯಾಗಿ ಓದುವ ಕಣ್ಣು ಬೇಕು. ಆ ಕಣ್ಣನ್ನು ಪಳಗಿಸುವ ವಿದ್ಯೆಯೇ ಎಮರ್ಜೆನ್ಸಿ ರೇಡಿಯಾಲಜಿ. ಅಮೆರಿಕದಲ್ಲಿ ಇದಕ್ಕೆಂದೇ 1988ರಲ್ಲಿ ತಜ್ಞರ ಸಂಘ ಹುಟ್ಟಿಕೊಂಡಿತು.

ಆಸ್ಪತ್ರೆಯೇ ಪಾಠಶಾಲೆ

ಮುಂಬಯಿಯಲ್ಲಿ ಈ ವಿದ್ಯೆಯ ದೊಡ್ಡ ಪಾಠಶಾಲೆಗಳೆಂದರೆ ಮಹಾನಗರಪಾಲಿಕೆಯ ಆಸ್ಪತ್ರೆಗಳೇ. ಪರೇಲ್‌ನ ಕೆಇಎಂ ಆಸ್ಪತ್ರೆ ಹಾಗೂ ಅದರ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜು 1926ರಷ್ಟು ಹಳೆಯವು. ಮಾಟುಂಗಾದ ಕನ್ನಡಿಗರಿಗೆ ನೆರೆಮನೆಯಂತಿರುವ ಸಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆಗೆ ರೈಲು ಹಳಿ ಮತ್ತು ಹೆದ್ದಾರಿಗಳ ಗಾಯಾಳುಗಳು ಹಗಲಿರುಳೂ ಬರುತ್ತಾರೆ. ಎಂಬಿಬಿಎಸ್ ಮುಗಿಸಿ ಮೂರು ವರ್ಷಗಳ ರೇಡಿಯಾಲಜಿ ಎಂ.ಡಿ. ಮಾಡುವ ಯುವ ವೈದ್ಯರು ಪುಸ್ತಕದಿಂದ ಕಲಿಯುವುದಕ್ಕಿಂತ ಹೆಚ್ಚನ್ನು ಇಂತಹ ರಾತ್ರಿಪಾಳಿಯಲ್ಲಿ ಕಲಿಯುತ್ತಾರೆ. ಗಾಯಾಳುವಿನ ಹಾಸಿಗೆಯ ಬಳಿಯೇ ಅಲ್ಟ್ರಾಸೌಂಡ್ ಹಿಡಿದು ಯಕೃತ್ತು, ಗುಲ್ಮ, ಹೃದಯ ಹಾಗೂ ಕಿಬ್ಬೊಟ್ಟೆಯ ಸುತ್ತ ರಕ್ತ ನಿಂತಿದೆಯೇ ಎಂದು ನೋಡುವ 'ಫಾಸ್ಟ್' ಪರೀಕ್ಷೆ ಅಂತಹ ಒಂದು ಪಾಠ.

2006ರ ಜುಲೈ 11ರ ಸಂಜೆ ಪಶ್ಚಿಮ ರೈಲ್ವೆಯ ಲೋಕಲ್‌ಗಳಲ್ಲಿ ಹನ್ನೊಂದು ನಿಮಿಷಗಳೊಳಗೆ ಏಳು ಬಾಂಬ್‌ಗಳು ಸಿಡಿದುದನ್ನು ಮಾಹಿಮ್, ಬಾಂದ್ರಾ, ಬೊರಿವಿಲಿಯ ನಮ್ಮವರಾರೂ ಮರೆತಿಲ್ಲ. ನೂರಾರು ಗಾಯಾಳುಗಳು ಒಮ್ಮೆಲೇ ಬಂದಾಗ ಮೊದಲು ಯಾರನ್ನು ಸ್ಕ್ಯಾನ್‌ಗೆ ಒಯ್ಯಬೇಕೆಂಬ ತೀರ್ಮಾನವೂ ಕಲಿಯಬೇಕಾದ ವಿದ್ಯೆಯೇ. ಸಂಶೋಧನೆಯೂ ಇಲ್ಲಿಂದಲೇ ಹುಟ್ಟುತ್ತದೆ. 2013ರಲ್ಲಿ ಆರಂಭವಾದ 'ಟಿಟ್ಕೊ' ಅಧ್ಯಯನವು ಮುಂಬಯಿ, ದಿಲ್ಲಿ, ಕೋಲ್ಕತಾದ ನಾಲ್ಕು ಆಸ್ಪತ್ರೆಗಳಲ್ಲಿ 16,000ಕ್ಕೂ ಹೆಚ್ಚು ಗಾಯಾಳುಗಳ ವಿವರ ಕಲೆಹಾಕಿತು. ಆ ನಾಲ್ಕರಲ್ಲಿ ಕೆಇಎಂ ಮತ್ತು ಸಯನ್ ಎರಡೂ ಸೇರಿದ್ದವು.

ಬೆಂಗಳೂರಿನ ಕೊಡುಗೆ

ರಾತ್ರಿಯಲ್ಲಿ ತಜ್ಞರ ಕೊರತೆ ಸಿರಿವಂತ ದೇಶಗಳನ್ನೂ ಬಿಟ್ಟಿಲ್ಲ. ಅಮೆರಿಕದಲ್ಲಿ ರಾತ್ರಿಯಾದಾಗ ಬೆಂಗಳೂರಿನಲ್ಲಿ ಹಗಲು. ಈ ಸರಳ ಸತ್ಯವನ್ನೇ ಹಿಡಿದು ಡಾ| ಅರ್ಜುನ್ ಕಲ್ಯಾಣಪುರ್ ಅವರು ಯೇಲ್ ವಿಶ್ವವಿದ್ಯಾಲಯದ ಸಹೋದ್ಯೋಗಿಗಳೊಂದಿಗೆ, ಅಲ್ಲಿನ ತುರ್ತು ಸ್ಕ್ಯಾನ್‌ಗಳನ್ನು ಇಲ್ಲಿ ಕುಳಿತು ಓದಬಹುದೆಂದು ತೋರಿಸಿದ ಸಂಶೋಧನೆ 2003ರಲ್ಲಿ ಪ್ರಕಟವಾಯಿತು. ಅವರು ಮತ್ತು ಪತ್ನಿ ಡಾ| ಸುನೀತಾ ಮಹೇಶ್ವರಿ 2002ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಟೆಲಿರೇಡಿಯಾಲಜಿ ಸೊಲ್ಯೂಷನ್ಸ್ ಮುಂದೆ 'ರಾಡ್‌ಗುರುಕುಲ' ಎಂಬ ಹೆಸರಿನಲ್ಲಿ ಅಂತರ್ಜಾಲದ ಮೂಲಕ ಯುವ ವೈದ್ಯರಿಗೆ ಪಾಠವನ್ನೂ ಆರಂಭಿಸಿತು.

ಸಂಘಗಳು ಗಮನಿಸಲಿ

ಪಾರ್ಶ್ವವಾಯುವಿನಲ್ಲೂ ಸಮಯವೇ ಪ್ರಾಣ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಆದರೆ ಮೆದುಳಿನಲ್ಲಿ ರಕ್ತಸ್ರಾವವಾಗಿದ್ದರೆ ಅದೇ ಮದ್ದು ಪ್ರಾಣಕ್ಕೆ ಎರವಾದೀತು. ಎರಡನ್ನೂ ಬೇರ್ಪಡಿಸಿ ಹೇಳುವುದು ಸ್ಕ್ಯಾನ್ ಮತ್ತು ಅದನ್ನು ಓದುವ ವೈದ್ಯರು.

ನಮ್ಮ ಸಂಘ-ಸಂಸ್ಥೆಗಳ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ನಡೆಯುತ್ತಲೇ ಇವೆ, ಇದು ಶ್ಲಾಘನೀಯ. ತಲೆಪೆಟ್ಟು, ಪಾರ್ಶ್ವವಾಯುಗಳ ಬಗ್ಗೆ ಅಲ್ಲೇ ಹದಿನೈದು ನಿಮಿಷ ತಿಳಿಹೇಳಿದರೆ ಖರ್ಚೇನೂ ಇಲ್ಲ. ವಿದ್ಯಾರ್ಥಿವೇತನ ಹಂಚುವಾಗ ರೇಡಿಯಾಲಜಿ ಓದುವ ವೈದ್ಯರನ್ನೂ, ಸ್ಕ್ಯಾನ್ ಯಂತ್ರ ನಡೆಸುವ ತಂತ್ರಜ್ಞರ ಶಿಕ್ಷಣ ಪಡೆಯುವ ಮಕ್ಕಳನ್ನೂ ನೆನಪಿಡಬೇಕು. ದಿನದ 24 ಗಂಟೆಯೂ ಸಿಟಿ ಸ್ಕ್ಯಾನ್ ಇರುವ ಸಮೀಪದ ಆಸ್ಪತ್ರೆ ಯಾವುದೆಂಬುದನ್ನು ಪ್ರತಿ ಮನೆಯವರೂ ಇಂದೇ ವಿಚಾರಿಸಿ ಇಟ್ಟುಕೊಳ್ಳುವುದು ಒಳಿತು. ನಡುರಾತ್ರಿ ವಿಚಾರಿಸುತ್ತ ಕೂರಲು ಸಮಯವಿರುವುದಿಲ್ಲ.