ದೂರದ ದಾರಿಗೆ ಯಾವ ಶೋಧಕ?

ಗದಗ ಜಿಲ್ಲೆಯ ಗಜೇಂದ್ರಗಡ ತಾಲ್ಲೂಕಿನ ಲಕ್ಕಲಕಟ್ಟಿಯಿಂದ ನಾವು ಹತ್ತು ದಿನಗಳ ಕಾಲ್ನಡಿಗೆಯ ಪ್ರವಾಸಕ್ಕೆ ಹೊರಟಿದ್ದೇವೆಂದು ಭಾವಿಸೋಣ. ಬಿಸಿಲಿನಲ್ಲಿ ನಡೆಯುವವನಿಗೆ ದಿನಕ್ಕೆ ನಾಲ್ಕು ಲೀಟರಾದರೂ ಕುಡಿಯುವ ನೀರು ಬೇಕು. ಹತ್ತು ದಿನಗಳಿಗೆ 40 ಲೀಟರು. ಲೀಟರೊಂದಕ್ಕೆ ಒಂದು ಕಿಲೋಗ್ರಾಮಿನಂತೆ ಅದರ ತೂಕ 40 ಕಿಲೋಗ್ರಾಂ! ಇಷ್ಟನ್ನು ಬೆನ್ನಿನ ಮೇಲೆ ಹೊತ್ತು ನಡೆಯಬಲ್ಲ ಸಾಹಸಿಗಳು ಎಷ್ಟು ಮಂದಿ? ಆದುದರಿಂದ ದಾರಿಯಲ್ಲಿ ದೊರೆತ ನೀರನ್ನೇ ಕುಡಿಯಬೇಕು. ಉತ್ತರ ಕರ್ನಾಟಕದ ಕುರಿಗಾರರು ಹಿಂಡುಗಳೊಡನೆ ತಿಂಗಳುಗಟ್ಟಲೆ ಊರೂರು ಅಲೆಯುವಾಗ ಮಾಡುತ್ತ ಬಂದಿರುವುದೂ ಇದನ್ನೇ. ಒಂದು ದಿನ ಕೆರೆಯ ನೀರು, ಮರುದಿನ ಹಳ್ಳದ ಒರತೆ, ಅದರಾಚೆಯ ದಿನ ಹೊಲದ ಕೊಳವೆಬಾವಿ.

ದೂರದ ಕಾಡುಗಳಲ್ಲಿ ವಾರಗಟ್ಟಲೆ ಬೀಡುಬಿಡುವ ಅಮೆರಿಕದ ಬೇಟೆಗಾರರೂ, ಹಿಮಾಲಯವನ್ನು ಏರುವ ಯಾತ್ರಿಕರೂ ಅಂಗೈಯಲ್ಲಿ ಹಿಡಿಯುವಂಥ ನೀರಿನ ಶೋಧಕಗಳನ್ನು ಜೊತೆಗೆ ಒಯ್ಯುತ್ತಾರೆ. ಇಂಥ ಫಿಲ್ಟರುಗಳು ಈಗ ನಮ್ಮಲ್ಲಿಯೂ ದೊರೆಯುತ್ತವೆ. ಪ್ರತಿಯೊಂದರ ಪೆಟ್ಟಿಗೆಯ ಮೇಲೂ ‘ಶುದ್ಧ ನೀರು’ ಎಂಬ ಭರವಸೆ ಇರುತ್ತದೆ. ಇವುಗಳಲ್ಲಿ ನೆಚ್ಚಬಹುದಾದದ್ದು ಯಾವುದು? ಇದನ್ನು ತಿಳಿಯಬೇಕಾದರೆ ನೀರಿನಲ್ಲಿ ಏನೇನಿದೆ, ಅದು ಎಷ್ಟು ದೊಡ್ಡದು ಎಂಬುದನ್ನು ಮೊದಲು ವಿಚಾರಿಸಬೇಕು.

ಜೋಳದ ಕಾಳಿನ ಅಳತೆ

ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ಬ್ಯಾಕ್ಟೀರಿಯಗಳ ಗಾತ್ರ ಸುಮಾರು ಒಂದು ಮೈಕ್ರಾನ್. ಇದನ್ನು ನಾಲ್ಕು ಸಾವಿರ ಪಟ್ಟು ಹಿಗ್ಗಿಸಿದರೆ ಬ್ಯಾಕ್ಟೀರಿಯವು ಒಂದು ಜೋಳದ ಕಾಳಿನಷ್ಟಾಗುವುದು. ಅದೇ ಪ್ರಮಾಣದಲ್ಲಿ ಹಿಗ್ಗಿಸಿದರೆ, ಆಮಶಂಕೆ ಭೇದಿಗಳನ್ನು ತರುವ ಅಮೀಬಾ, ಜಿಯಾರ್ಡಿಯಾ ಮುಂತಾದವುಗಳ ಕೋಶಗಳು ನಿಂಬೆಹಣ್ಣಿನಷ್ಟಾಗುತ್ತವೆ. ಕೆರೆಯ ನೀರಿನಲ್ಲಿ ಈಜುವ ಸೈಕ್ಲಾಪ್ಸ್ ಎಂಬ ಸೂಕ್ಷ್ಮ ಜಲಚರವು ಎತ್ತಿನ ಬಂಡಿಯಷ್ಟು ಉದ್ದವಾಗುತ್ತದೆ. ಕಾಮಾಲೆಯನ್ನು ತರುವ ಹೆಪಟೈಟಿಸ್ ‘ಎ’ ವೈರಸ್ಸಾದರೋ ಹಿಟ್ಟಿನ ಒಂದು ಕಣದಷ್ಟು ಮಾತ್ರ. ನೀರಿನಲ್ಲಿ ಕರಗಿದ ಫ್ಲೋರೈಡ್ ಅಯಾನು ಇಷ್ಟು ಹಿಗ್ಗಿಸಿದ ಮೇಲೂ ಕಣ್ಣಿಗೆ ಕಾಣಿಸದು!

ಶೋಧಕವೆಂದರೆ ಒಂದು ಜರಡಿ. ಜರಡಿಯ ಕಣ್ಣಿಗಿಂತ ದೊಡ್ಡದು ಮೇಲೆ ಉಳಿಯುತ್ತದೆ. ಚಿಕ್ಕದು ಕೆಳಕ್ಕೆ ಬೀಳುತ್ತದೆ. ಮುಂದಿನ ವಿಚಾರವೆಲ್ಲ ಈ ಸರಳ ನಿಯಮದ ಮೇಲೆ ನಿಂತಿದೆ.

ಬಟ್ಟೆಯಿಂದ ಬತ್ತಿಯವರೆಗೆ

ಮೊದಲನೆಯ ಜರಡಿ ನಮ್ಮ ತಾಯಂದಿರ ಸೀರೆಯ ಬಟ್ಟೆ. ಇದನ್ನು ಹಗುರವಾಗಿ ಕಾಣಬಾರದು. ಹಿಂದೆ ಕರ್ನಾಟಕವೂ ಸೇರಿದಂತೆ ಭಾರತದ ಏಳು ರಾಜ್ಯಗಳಲ್ಲಿ ನಾರುಹುಣ್ಣು ಎಂಬ ಘೋರ ರೋಗವಿತ್ತು. ಹುಳುವಿನ ಮರಿಗಳನ್ನು ಹೊತ್ತ ಸೈಕ್ಲಾಪ್ಸ್ ಕುಡಿಯುವ ನೀರಿನೊಡನೆ ಹೊಟ್ಟೆಗೆ ಹೋಗುತ್ತಿತ್ತು. ಸುಮಾರು ಒಂದು ವರ್ಷದ ಮೇಲೆ ಒಂದು ಮೀಟರಿನವರೆಗೂ ಉದ್ದವಾದ ಹುಳು ಕಾಲಿನ ಚರ್ಮವನ್ನು ಸೀಳಿಕೊಂಡು ಹೊರಬರುತ್ತಿತ್ತು. ನೋವನ್ನು ತಾಳಲಾರದೆ ರೋಗಿಯು ಮೆಟ್ಟಿಲುಬಾವಿಗಿಳಿದು ನೀರಿನಲ್ಲಿ ಕಾಲಿಟ್ಟರೆ, ಹುಳು ಅಲ್ಲಿ ಮರಿಗಳನ್ನು ಬಿಡುತ್ತಿತ್ತು. ಈ ರೋಗಕ್ಕೆ ಲಸಿಕೆಯಾಗಲಿ ಔಷಧವಾಗಲಿ ಇರಲಿಲ್ಲ. ಜನರು ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿದರು, ಬಾವಿಗಳನ್ನು ಸುಧಾರಿಸಲಾಯಿತು. 1996ರಲ್ಲಿ ರಾಜಸ್ಥಾನದಲ್ಲಿ ಕಂಡದ್ದೇ ಭಾರತದ ಕೊನೆಯ ಪ್ರಕರಣ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವು ಈ ರೋಗದಿಂದ ಮುಕ್ತವಾಯಿತೆಂದು ಸಾರಿತು. ಬಂಡಿಯಷ್ಟು ದೊಡ್ಡ ಶತ್ರುವಿಗೆ ಬಟ್ಟೆಯ ಜರಡಿಯೇ ಸಾಕಾಗಿತ್ತು.

ಬಟ್ಟೆಗೆ ಇನ್ನೂ ಒಂದು ಗುಣವುಂಟು. ಕಾಲರಾ ಬ್ಯಾಕ್ಟೀರಿಯಗಳಲ್ಲಿ ಬಹುಪಾಲು ಸೈಕ್ಲಾಪ್ಸಿನಂಥ ಜಲಚರಗಳ ಮೈಗೆ ಅಂಟಿಕೊಂಡಿರುತ್ತವೆ. ರೀಟಾ ಕಾಲ್ವೆಲ್ ಮತ್ತು ಅವರ ಸಂಗಡಿಗರು ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಮಡಿಸಿ ನೀರು ಸೋಸುವುದನ್ನು ಅಭ್ಯಾಸ ಮಾಡಿಸಿದರು. ಇದರಿಂದ ಕಾಲರಾ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತೆಂಬ ಸಂಗತಿ 2003ರಲ್ಲಿ ಪ್ರಕಟವಾಯಿತು. ಉಳಿದ ಅರ್ಧವನ್ನು ತಡೆಯಲು ಬಟ್ಟೆಯಿಂದಾಗದು. ಜೋಳದ ಕಾಳನ್ನೇ ಹಿಡಿಯುವ ಜರಡಿ ಬೇಕು.

ಅಂಥ ಜರಡಿಯನ್ನು ಮಾಡಿದವರಲ್ಲಿ ಮೊದಲಿಗರು ಪಾಶ್ಚರನ ಸಹೋದ್ಯೋಗಿ ಚಾರ್ಲ್ಸ್ ಚೇಂಬರ್‌ಲೆಂಡ್. 1884ರಲ್ಲಿ ಅವರು ಮೆರುಗು ಕೊಡದ ಪಿಂಗಾಣಿಯ ಕೊಳವೆಯ ಮೂಲಕ ನೀರನ್ನು ಹಾಯಿಸಿ ಬ್ಯಾಕ್ಟೀರಿಯಗಳನ್ನು ತಡೆದರು. ನಮ್ಮ ಮನೆಗಳ ಹಳೆಯ ಫಿಲ್ಟರುಗಳಲ್ಲಿರುವ ಬಿಳಿಯ ‘ಕ್ಯಾಂಡಲ್’ ಇದರ ಬಳಗಕ್ಕೇ ಸೇರಿದ್ದು. ಆದರೆ 1892ರಲ್ಲಿ ರಷ್ಯದ ಇವಾನೋವ್‌ಸ್ಕಿ ಒಂದು ವಿಚಿತ್ರವನ್ನು ಕಂಡರು. ರೋಗ ತಗುಲಿದ ಹೊಗೆಸೊಪ್ಪಿನ ರಸವನ್ನು ಈ ಪಿಂಗಾಣಿಯಲ್ಲಿ ಸೋಸಿದರೂ ಅದರ ರೋಗಶಕ್ತಿ ಹೋಗಲಿಲ್ಲ! ಜರಡಿಯಿಂದ ತಪ್ಪಿಸಿಕೊಂಡ ಆ ವಸ್ತುವೇ ವೈರಸ್. ಶೋಧಕದ ಮಿತಿಯೇ ಹೊಸದೊಂದು ಜೀವಲೋಕಕ್ಕೆ ಬಾಗಿಲು ತೆರೆಯಿತು.

ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಗಳು

ಇಂದಿನ ಪ್ರವಾಸಿಗಳ ಶೋಧಕಗಳಲ್ಲಿ ಹೆಚ್ಚಿನವು ಟೊಳ್ಳು ಎಳೆಗಳಿಂದಾದವು. ಶಾವಿಗೆಯಂಥ ಸಣ್ಣ ನಳಿಕೆಗಳ ಕಟ್ಟು. ಅವುಗಳ ಗೋಡೆಯಲ್ಲಿ ಸುಮಾರು 0.1 ಮೈಕ್ರಾನಿನ ರಂಧ್ರಗಳು. ಇವನ್ನು ಕೊಳ್ಳುವಾಗ ಮೊದಲು ಕೇಳಬೇಕಾದದ್ದು, ಪೆಟ್ಟಿಗೆಯ ಮೇಲೆ ಬರೆದಿರುವ ಅಳತೆ ಸರಾಸರಿ ರಂಧ್ರದ್ದೋ ಅತಿ ದೊಡ್ಡ ರಂಧ್ರದ್ದೋ ಎಂಬುದನ್ನು. ಸರಾಸರಿಯ ಅಳತೆಯಿಂದ ಪ್ರಯೋಜನವಿಲ್ಲ. ಕಳ್ಳನು ನುಗ್ಗುವುದು ಬೇಲಿಯ ಅತಿ ದೊಡ್ಡ ಕಂಡಿಯಲ್ಲಿ.

ಎರಡನೆಯದು ಶೇಕಡಾ ಲೆಕ್ಕ. ‘ಶೇಕಡಾ 99.9ರಷ್ಟು ಬ್ಯಾಕ್ಟೀರಿಯ ನಾಶ’ ಎಂಬುದು ಕಿವಿಗೆ ಇಂಪಾಗಿದೆ. ಹತ್ತು ಲಕ್ಷ ಬ್ಯಾಕ್ಟೀರಿಯಗಳಿದ್ದಲ್ಲಿ ಆಗಲೂ ಒಂದು ಸಾವಿರ ಉಳಿಯುತ್ತವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 1987ರಲ್ಲಿ ಗೊತ್ತುಮಾಡಿದ ಕ್ರಮದಂತೆ ಬ್ಯಾಕ್ಟೀರಿಯಗಳಿಗೆ 99.9999, ವೈರಸ್ಸುಗಳಿಗೆ 99.99, ಕೋಶಗಳಿಗೆ 99.9 ಇರಬೇಕು. ಮೊದಲನೆಯ ಪ್ರಮಾಣದಲ್ಲಿ ಹತ್ತು ಲಕ್ಷಕ್ಕೆ ಉಳಿಯುವುದು ಒಂದೇ ಒಂದು.

ಮೂರನೆಯದು, ಕೆಸರನ್ನು ಅದು ಎಷ್ಟು ತಾಳುತ್ತದೆಂಬುದು. ರೋಣದ ಕಡೆಯ ಎರೆಮಣ್ಣಿನ ಕಣಗಳು ಬಹು ನುಣುಪು. ಮಳೆಗಾಲದ ಕೆರೆಯ ನೀರಿನಲ್ಲಿ ಅವು ಬೇಗ ತಳಕ್ಕಿಳಿಯವು. ಅಂಥ ನೀರನ್ನು ನೇರವಾಗಿ ಸುರಿದರೆ ಎಷ್ಟೇ ಬೆಲೆಯ ಶೋಧಕವೂ ಕಟ್ಟಿಕೊಳ್ಳುತ್ತದೆ. ಮೊದಲು ನೀರಿಗೆ ಪಟಿಕ ತಿರುವಿ ಅಥವಾ ಹಿರಿಯರಂತೆ ಚಿಲ್ಲದ ಬೀಜವನ್ನು ತೇದು ಹಾಕಿ, ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಅನಂತರ ಶೋಧಕಕ್ಕೆ ಹಾಕಬೇಕು. ಹಿಂದುಮುಂದಾಗಿ ನೀರು ಹಾಯಿಸಿ ದಾರಿಯಲ್ಲಿಯೇ ತೊಳೆಯಲು ಬರುವ ಶೋಧಕವೇ ದೀರ್ಘ ಪ್ರವಾಸಕ್ಕೆ ತಕ್ಕದ್ದು. ಕೆಳಕ್ಕೆ ಬಿದ್ದು ಬಿರುಕುಬಿಟ್ಟ ಕ್ಯಾಂಡಲನ್ನಾಗಲಿ, ಹಿಮಾಲಯದ ಚಳಿಗೆ ಒಮ್ಮೆ ಹೆಪ್ಪುಗಟ್ಟಿದ ಎಳೆಗಳ ಶೋಧಕವನ್ನಾಗಲಿ ಮುಂದೆ ನೆಚ್ಚಬಾರದು. ನೀರು ಮೊದಲಿಗಿಂತ ಬಿರುಸಾಗಿ ಬಂದರೆ ಸಂತೋಷಪಡದೆ ಸಂಶಯಪಡಬೇಕು.

ಇಷ್ಟಾದರೂ 0.1 ಮೈಕ್ರಾನಿನ ರಂಧ್ರ ವೈರಸ್ಸಿಗೆ ಹೆಬ್ಬಾಗಿಲು. ಊರುಕೇರಿಗಳ ಕೆಳಗಣ ಹಳ್ಳದ ನೀರಾದರೆ ಸೋಸಿದ ಮೇಲೆ ಕ್ಲೋರಿನ್ ಗುಳಿಗೆ ಹಾಕಿ ಅರ್ಧಗಂಟೆ ಕಾಯಬೇಕು, ಇಲ್ಲವೆ ಕುದಿಸಬೇಕು. ಚೆನ್ನಾಗಿ ಕೊತಕೊತನೆ ಒಂದು ನಿಮಿಷ ಕುದಿದರೆ ನಮ್ಮ ಬಯಲುಸೀಮೆಯಲ್ಲಿ ಸಾಕು. ಕ್ಲೋರಿನ್ನಿಗೆ ಜಗ್ಗದ ಕೆಲವು ಕೋಶಗಳನ್ನು ಶೋಧಕ ಹಿಡಿಯುತ್ತದೆ. ಶೋಧಕಕ್ಕೆ ಸಿಗದ ವೈರಸ್ಸನ್ನು ಕ್ಲೋರಿನ್ ಕೊಲ್ಲುತ್ತದೆ. ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತದೆ.

ತಿಳಿನೀರಿನ ಮೋಸ

ಇನ್ನು ಹೊಲದ ಕೊಳವೆಬಾವಿಯ ಬಳಿಗೆ ಬರೋಣ. ಅದರ ನೀರು ಸ್ಫಟಿಕದಂತೆ ತಿಳಿ. ಆದರೆ ಗದಗ ಜಿಲ್ಲೆಯ ಅನೇಕ ಕಡೆ ಅಂತರ್ಜಲದಲ್ಲಿ ಫ್ಲೋರೈಡಿನ ಅಂಶ ಮಿತಿಮೀರಿದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಆಕರವಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತದ ಮಾನಕ. ಬಂಡೆಗಳ ಖನಿಜಗಳಿಂದ ಕರಗಿ ಬರುವ ಈ ಫ್ಲೋರೈಡು ನಮ್ಮ ಶೋಧಕದ ಒಳಗೆ ನಿರಾತಂಕವಾಗಿ ಹಾದುಹೋಗುತ್ತದೆ. ಕುದಿಸಿದರೆ ಕೇಡು ಹೆಚ್ಚುವುದು. 2 ಮಿಲಿಗ್ರಾಂ ಫ್ಲೋರೈಡುಳ್ಳ ಒಂದು ಲೀಟರು ನೀರು ಕುದಿದು ಅರ್ಧ ಲೀಟರಾದರೆ, ಅದರ ಪ್ರಮಾಣ ಲೀಟರಿಗೆ 4 ಮಿಲಿಗ್ರಾಂ ಆಯಿತಲ್ಲವೆ?

ಹಾಗಾದರೆ ದಾರಿಹೋಕನು ಕೆರೆಯನ್ನು ಆರಿಸಬೇಕೆ, ಕೊಳವೆಬಾವಿಯನ್ನೆ? ಕಾಲವನ್ನು ಗಮನಿಸಿದರೆ ಉತ್ತರ ಹೊಳೆಯುತ್ತದೆ. ಕಾಲರಾ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆರವಾಗಬಲ್ಲದು. ಫ್ಲೋರೈಡು ಹಲ್ಲು ಮೂಳೆಗಳನ್ನು ಕೆಡಿಸಲು ವರ್ಷಗಳು ಬೇಕು. ಆದುದರಿಂದ ಹತ್ತು ದಿನದ ಪ್ರವಾಸಿಗೆ ಕೊಳವೆಬಾವಿಯ ನೀರೇ ಮೇಲು. ಅಲ್ಲೇ ಹುಟ್ಟಿ ಬೆಳೆಯುವ ಮಗುವಿಗೆ ಅದೇ ನೀರು ಮೆಲ್ಲಮೆಲ್ಲನೆ ವಿಷವಾಗುತ್ತದೆ.

ವಿದ್ಯಾರ್ಥಿಗಳು ಮರೆಯಬಾರದ ಅಂಶ ಇದು. ಪ್ರವಾಸದಿಂದ ಹಿಂತಿರುಗಿ, ದಾರಿಯಲ್ಲಿ ನಮ್ಮನ್ನು ಕಾಪಾಡಿದ ಶೋಧಕವನ್ನೇ ಅಡುಗೆಮನೆಯಲ್ಲಿ ತೂಗುಹಾಕಿ, ‘ಇನ್ನು ಕೊಳವೆಬಾವಿಯ ನೀರು ನಿರಪಾಯ’ ಎಂದು ತಂಗಿಗೆ ಕುಡಿಸಿದೆವೆನ್ನಿ. ಎಂಟು ವರ್ಷದೊಳಗಿನ ಆ ಎಳೆಯಳ ಶಾಶ್ವತ ಹಲ್ಲುಗಳು ವಸಡಿನೊಳಗೇ ಕಲೆಗೊಳ್ಳುತ್ತಿರುತ್ತವೆ. ನಮ್ಮ ನಂಬಿಕೆಯೇ ಆಕೆಗೆ ಮುಳುವಾಗುತ್ತದೆ. ಫ್ಲೋರೈಡನ್ನು ತೆಗೆಯಲು ಬೇರೆ ಉಪಾಯಗಳೇ ಬೇಕು: ಪಟಿಕ, ಸುಣ್ಣಗಳನ್ನು ಗೊತ್ತಾದ ಪ್ರಮಾಣದಲ್ಲಿ ಬಳಸುವ ನಲಗೊಂಡ ವಿಧಾನ, ಸಕ್ರಿಯ ಅಲ್ಯೂಮಿನ, ಅಥವಾ ಒತ್ತಡದಿಂದ ಬಲು ನವುರಾದ ಪೊರೆಯ ಮೂಲಕ ನೀರನ್ನು ನೂಕುವ ಆರ್.ಓ. ಯಂತ್ರ.

ಇವೆಲ್ಲಕ್ಕಿಂತ ಸರಳವಾದುದು ಮಾಳಿಗೆಯ ಮೇಲೆ ಬೀಳುವ ಮಳೆನೀರು. ಅದರಲ್ಲಿ ಫ್ಲೋರೈಡು ಇಲ್ಲವೆನ್ನುವಷ್ಟು ಕಡಮೆ. ಮೊದಲ ಮಳೆಯ ಕೊಳೆಯನ್ನು ಹರಿಯಬಿಟ್ಟು, ಉಳಿದುದನ್ನು ಮುಚ್ಚಿದ ತೊಟ್ಟಿಯಲ್ಲಿ ಕೂಡಿಡಬಹುದು. ಹಕ್ಕಿಯ ಹಿಕ್ಕೆಯಿಂದಲೋ ಧೂಳಿನಿಂದಲೋ ಸೇರಿದ ಬ್ಯಾಕ್ಟೀರಿಯಗಳನ್ನು ಹಿಡಿಯುವ ಕೆಲಸ ಮಾತ್ರ ಅಲ್ಲಿ ಉಳಿಯುತ್ತದೆ. ಅದಕ್ಕೆ ನಮ್ಮ ಪ್ರವಾಸದ ಶೋಧಕವೇ ಸಾಕು.