ಭಾರದ ಗಾಡಿಗೆ ಎಂಥ ಜಾಕು?

ಕನ್ನಡ ಪಾಠ ಹೇಳುವವರಿಗೆ ಗಾಡಿ ಎತ್ತುವ ಜಾಕಿನ ಉಸಾಬರಿ ಏಕೆಂದು ಕೆಲವರು ಕೇಳಬಹುದು. ಕಾರಣವಿದೆ. ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯ ಎದುರಿನ ರಸ್ತೆಯಲ್ಲಿ ಒಂದು ಕ್ಯಾರವಾನು ಹಿಂದಿನ ಟಯರು ಪಂಕ್ಚರಾಗಿ ನಿಂತಿತು. ಮಲಗಲು ಮಂಚ, ಅಡುಗೆಯ ಒಲೆ, ನೀರಿನ ಟಾಂಕಿ ಎಲ್ಲವನ್ನೂ ಹೊತ್ತು ತಿರುಗುವ ಪ್ರವಾಸದ ಗಾಡಿಯದು. 2021ರಲ್ಲಿ ಕೇರಳ ಸರಕಾರವು ಕ್ಯಾರವಾನ್ ಪ್ರವಾಸದ ಯೋಜನೆಯನ್ನು ಪ್ರಕಟಿಸಿದ ಬಳಿಕ ಆ ಹೆಸರು ನಮ್ಮ ಮಕ್ಕಳಿಗೂ ಪರಿಚಿತ. ಚಾಲಕರು ಜಾಕು ಕೊಟ್ಟು ಗಾಡಿ ಎತ್ತಿದರು. ಬಿಚ್ಚಿದ ನಟ್ಟೊಂದು ಉರುಳಿ ಗಾಡಿಯ ಅಡಿಗೆ ಹೋಯಿತು. ನೋಡುತ್ತ ನಿಂತಿದ್ದ ಎಂಟನೆಯ ತರಗತಿಯ ಹುಡುಗನೊಬ್ಬ, "ನಾನು ತೆಗೆದು ಕೊಡುತ್ತೇನೆ ಮಾಷ್ಟ್ರೇ" ಎಂದವನೇ ಅಡಿಗೆ ನುಗ್ಗಿದ. ಕಾಲು ಹಿಡಿದು ಹೊರಗೆಳೆದೆ. ಅವನಿಗೆ ನನ್ನ ಮೇಲೆ ಮುನಿಸೇ ಬಂತು. ಜಾಕು ಗಾಡಿಯನ್ನು ಹಿಡಿದುಕೊಂಡಿದೆಯಲ್ಲ ಎಂಬುದು ಅವನ ವಾದ.

ಹೇಗೆ ಹಿಡಿದುಕೊಂಡಿರುತ್ತದೆ ಎಂಬುದನ್ನು ನೋಡೋಣ. ಲಾರಿಗಳಲ್ಲಿರುವ ಬಾಟಲಿಯಾಕಾರದ ಎಣ್ಣೆಜಾಕನ್ನು ನೀವು ಕಂಡಿರುವಿರಷ್ಟೆ. ತುಂಬಿದ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಫ್ರಾನ್ಸಿನ ಬ್ಲೇಸ್ ಪಾಸ್ಕಲ್ (1623–1662) ತೋರಿಸಿಕೊಟ್ಟನು. ಜಾಕಿನಲ್ಲಿರುವುದು ಅದೇ ತತ್ತ್ವ. ಚಿಕ್ಕ ಪಿಸ್ಟನಿನ ವ್ಯಾಸ 1 ಸೆಂ.ಮೀ., ದೊಡ್ಡದರದು 4 ಸೆಂ.ಮೀ. ಎಂದಿಟ್ಟುಕೊಳ್ಳಿ. ಬಲವು 16 ಪಟ್ಟಾಗುತ್ತದೆ. ಹಿಡಿಕೋಲಿನ ಸನ್ನೆಯಿಂದ 20 ಪಟ್ಟು ಸಿಕ್ಕಿದರೆ ಒಟ್ಟು 320 ಪಟ್ಟು. ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ, 10 ಕಿಲೋ ತೂಕದಷ್ಟು ಒತ್ತಿದವನು 3200 ಕಿಲೋ ಎತ್ತಬಲ್ಲನು! ಗಣಿತದ ಅಧ್ಯಾಪಕರಿಂದ ತಿದ್ದಿಸಿಕೊಂಡ ಲೆಕ್ಕವಿದು. ಆದರೆ ಇಷ್ಟೆಲ್ಲ ಭಾರ ನಿಂತಿರುವುದು ಸ್ವಲ್ಪ ಎಣ್ಣೆ, ಅದು ಸೋರದಂತೆ ತಡೆಯುವ ಒಂದು ಸೀಲು, ಒಂದು ಪುಟ್ಟ ಕವಾಟ ಇವುಗಳ ಮೇಲೆ. ಸೀಲು ಸವೆದಿದ್ದರೆ ಗಾಡಿ ಇಳಿಯುತ್ತದೆ. ಜಾಕು ವಾಲಿದರೆ ಇಳಿಯುವುದಲ್ಲ, ಬೀಳುತ್ತದೆ.

ಜಾಕು ಕೊಳ್ಳುವಾಗ ಅಂಗಡಿಯಲ್ಲಿ ಎಲ್ಲರೂ ಕೇಳುವುದು ಎಷ್ಟು ಟನ್ನಿನದೆಂದು ಮಾತ್ರ. ಅದು ಬೇಕಾದದ್ದೇ. 3500 ಕಿಲೋ ತೂಗುವ ಕ್ಯಾರವಾನಿನಲ್ಲಿ ಹಿಂದಿನ ಅಚ್ಚಿನ ಮೇಲೆ 2200 ಕಿಲೋ ಬಿದ್ದಿದ್ದರೆ ಒಂದು ಬದಿಗೆ ಸುಮಾರು 1100 ಕಿಲೋ ಬರುತ್ತದೆ. 100 ಲೀಟರ್ ನೀರು ತುಂಬಿಸಿದರೆ ಇನ್ನೂ 100 ಕಿಲೋ ಸೇರಿತು. ಬರಿಗಾಡಿಯ ತೂಕ ನೋಡಿ ಜಾಕು ಆರಿಸಬಾರದು. ತುಂಬಿದ ಗಾಡಿಯ ಒಂದು ಅಚ್ಚಿನ ಪೂರ್ತಿ ಭಾರವನ್ನೇ ತಾಳುವಂಥದು, ಎಂದರೆ ಇಲ್ಲಿ 3 ಟನ್ನಿಗೆ ಕಡಿಮೆಯಿಲ್ಲದ್ದು ಇರಲಿ ಎಂದು ನನ್ನ ಅಭಿಪ್ರಾಯ. ಸಣ್ಣ ಕಾರಿನ ಜೊತೆ ಕೊಡುವ ಕತ್ತರಿಯಾಕಾರದ ತಿರುಪುಜಾಕು ಈ ಕೆಲಸಕ್ಕೆ ಆಗದು. ಚಕ್ರವಿರುವ ಟ್ರಾಲಿ ಜಾಕು ಗ್ಯಾರೇಜಿನ ಗಟ್ಟಿ ನೆಲಕ್ಕೆ ಒಳ್ಳೆಯದು, ದಾರಿಯಲ್ಲಿ ಹೊತ್ತು ತಿರುಗಲು ಭಾರ.

ಟನ್ನಿನಷ್ಟೇ ಮುಖ್ಯವಾದದ್ದು ಎತ್ತರ. ಅದನ್ನು ಯಾರೂ ಅಳೆಯುವುದಿಲ್ಲ. ಗಾಳಿ ಹೋದಾಗ ಗಾಡಿ ಕುಸಿದು ಅಚ್ಚು ನೆಲಕ್ಕೆ ಹತ್ತಿರವಾಗುತ್ತದೆ. ಜಾಕನ್ನು ಪೂರ್ತಿ ಇಳಿಸಿದರೂ ಆ ಸಂದಿನಲ್ಲಿ ಹೋಗದಿದ್ದರೆ ಏನು ಪ್ರಯೋಜನ? ಇನ್ನೊಂದು ತೊಡಕು, ಗಾಳಿ ತುಂಬಿದ ಬದಲಿ ಟಯರು ಪಂಕ್ಚರಾದದ್ದಕ್ಕಿಂತ ಎತ್ತರವಾಗಿರುತ್ತದೆ, ಆದ್ದರಿಂದ ಎತ್ತಿದ್ದು ಸಾಲದೆ ಹೋಗುತ್ತದೆ. ಅಂದು ಆದದ್ದು ಇದೇ. ಜಾಕು ಗಿಡ್ಡವಾಯಿತೆಂದು ಅದರ ಅಡಿಗೆ ರಸ್ತೆ ಬದಿಯ ಒಂದು ಮುರಕಲ್ಲನ್ನು ಇಟ್ಟಿದ್ದರು. ನಮ್ಮ ಕಾಸರಗೋಡಿನ ಕಡೆ ಮನೆಗಳೆಲ್ಲ ಮುರಕಲ್ಲಿನವೇ. ಆದರೆ ಗೋಡೆಯಲ್ಲಿ ಹರಡಿ ಬರುವ ಭಾರ ಬೇರೆ, ಜಾಕಿನ ಅಂಗೈಯಗಲದ ತಳದಿಂದ ಬರುವ ಭಾರ ಬೇರೆ. ಕಲ್ಲು ಯಾವ ಕ್ಷಣದಲ್ಲಾದರೂ ಸೀಳಬಹುದಿತ್ತು.

ಒದ್ದೆ ಮಣ್ಣಿನಲ್ಲಿ ಜಾಕು ಹೂತುಹೋಗುವುದೂ ಉಂಟು. 10 ಸೆಂ.ಮೀ. ಚದರದ ತಳವಾದರೆ 1100 ಕಿಲೋ ಭಾರವು ಪ್ರತಿ ಚದರ ಸೆಂ.ಮೀ.ಗೆ 11 ಕಿಲೋ ಬೀಳುತ್ತದೆ. ಅಡಿಗೆ 30 ಸೆಂ.ಮೀ. ಚದರದ ದಪ್ಪ ಹಲಗೆ ಕೊಟ್ಟರೆ ಅದು 1.2 ಕಿಲೋವಿಗೆ ಇಳಿಯುತ್ತದೆ. ಜಾಕಿನ ಜೊತೆ ಹಲಗೆಯನ್ನೂ ಗಾಡಿಯಲ್ಲಿ ಇಟ್ಟುಕೊಳ್ಳತಕ್ಕದ್ದು.

ಇನ್ನು ಎತ್ತುವ ಕ್ರಮ. ಸಮತಟ್ಟಾದ ಜಾಗ ನೋಡಿ, ಜನರನ್ನೆಲ್ಲ ಇಳಿಸಿ, ಕೈಬ್ರೇಕು ಹಾಕಿ, ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಡಬೇಕು. ನಟ್ಟುಗಳನ್ನು ಚಕ್ರ ನೆಲದಲ್ಲಿರುವಾಗಲೇ ತುಸು ಸಡಿಲಿಸಬೇಕು. ಎತ್ತಿದ ಮೇಲೆ ಸ್ಪಾನರನ್ನು ಜಗ್ಗಿದರೆ ಗಾಡಿ ಅಲುಗುತ್ತದೆ. ಗಾಡಿ ತಯಾರಿಸಿದವರು ಕೈಪಿಡಿಯಲ್ಲಿ ತೋರಿಸಿದ ಜಾಗಕ್ಕೇ ಜಾಕು ಕೊಡಬೇಕು. ಬದಲಿ ಟಯರನ್ನು ಚಾಸಿಯ ಅಡಿಗೆ ಅಡ್ಡ ಮಲಗಿಸಿಟ್ಟರೆ ಅಕಸ್ಮಾತ್ ಜಾಕು ಜಾರಿದರೂ ಗಾಡಿ ಪೂರ್ತಿ ನೆಲಕ್ಕೆ ಬೀಳುವುದು ತಪ್ಪೀತು. ಅಡಿಗೆ ಹೋಗಿಯೇ ಮಾಡಬೇಕಾದ ಕೆಲಸವಿದ್ದರೆ ಅದಕ್ಕೆ ಕಬ್ಬಿಣದ ಸ್ಟ್ಯಾಂಡುಗಳಿವೆ. ಜಾಕಿನ ಕೆಲಸ ಎತ್ತುವುದು, ಹೊತ್ತು ನಿಲ್ಲುವುದು ಸ್ಟ್ಯಾಂಡಿನದು. ಬರೀ ಜಾಕನ್ನು ನಂಬಿ ಅಡಿಗೆ ಹೋದ ಅನುಭವಸ್ಥ ಕೆಲಸಗಾರರೂ ಪ್ರಾಣ ಕಳೆದುಕೊಂಡಿದ್ದಾರೆ.

ಅಂದು ದಾರಿಯಲ್ಲಿ ಬಂದ ಲಾರಿಯವರೊಬ್ಬರು ತಮ್ಮ ದೊಡ್ಡ ಜಾಕನ್ನೂ ಹಲಗೆಯನ್ನೂ ಕೊಟ್ಟರು. ಕಲ್ಲು ತೆಗೆದು ಮತ್ತೆ ಎತ್ತಿ ಟಯರು ಬದಲಿಸಿದ್ದಾಯಿತು. ಅಡಿಯಲ್ಲಿದ್ದ ನಟ್ಟನ್ನು ಆ ಹುಡುಗನೇ ದೂರದಲ್ಲಿ ಕುಳಿತು ನನ್ನ ಕೊಡೆಯ ಹಿಡಿಯಿಂದ ಎಳೆದು ತೆಗೆದನು.