ಚಿತ್ರ ಕಡತಗಳು ಮತ್ತು ಬಫರ್ ಓವರ್‌ಫ್ಲೋ ದೋಷ: ಅರ್ಜಿದಾರರಿಗೆ ಮಾಹಿತಿ

ಆನ್‌ಲೈನ್ ಮೂಲಕ ಸೇವೆ ಕೋರುವ ಅರ್ಜಿದಾರರು ಭಾವಚಿತ್ರ, ಸಹಿ ಹಾಗೂ ದಾಖಲೆಗಳ ಪ್ರತಿಗಳನ್ನು ಚಿತ್ರ ಕಡತಗಳ ರೂಪದಲ್ಲಿ ಸಲ್ಲಿಸುತ್ತಾರೆ. ಚಿತ್ರವನ್ನು ತೆರೆದು ನೋಡಿದ ಮಾತ್ರಕ್ಕೆ ಗಣಕಯಂತ್ರಕ್ಕೆ ಅಪಾಯವಿಲ್ಲವೆಂಬ ಭಾವನೆ ಸಾರ್ವಜನಿಕರಲ್ಲಿದೆ. ಇದು ಪೂರ್ಣವಾಗಿ ಸರಿಯಲ್ಲ.

ಬಫರ್ ಓವರ್‌ಫ್ಲೋ ಎಂದರೇನು?

ಚಿತ್ರ ಕಡತದಲ್ಲಿ ಬಣ್ಣಗಳ ವಿವರದೊಂದಿಗೆ ಅದರ ವಿವಿಧ ಭಾಗಗಳ ಉದ್ದವೂ ನಮೂದಾಗಿರುತ್ತದೆ. ಈ ಮಾಹಿತಿಯನ್ನು ಇರಿಸಲು ತಂತ್ರಾಂಶವು ಮೆಮೊರಿಯಲ್ಲಿ ಕಾದಿರಿಸುವ ನಿಗದಿತ ಸ್ಥಳವೇ ಬಫರ್. ಉದ್ದವನ್ನು ಪರಿಶೀಲಿಸದೆ ಮಾಹಿತಿಯನ್ನು ತುಂಬಿದಲ್ಲಿ, ಹೆಚ್ಚಾದದ್ದು ಸೇರು ತುಂಬಿ ಚೆಲ್ಲಿದ ಧಾನ್ಯದಂತೆ ಪಕ್ಕದ ಸ್ಥಳವನ್ನು ಆಕ್ರಮಿಸುತ್ತದೆ. ಇದರಿಂದ ತಂತ್ರಾಂಶವು ಸ್ಥಗಿತಗೊಳ್ಳಬಹುದು. ದುರುದ್ದೇಶದಿಂದ ರಚಿಸಿದ ಕಡತವಾಗಿದ್ದಲ್ಲಿ, ಅದರಲ್ಲಿ ಅಡಗಿಸಿದ ಆದೇಶಗಳು ಬಳಕೆದಾರರ ಅರಿವಿಗೆ ಬಾರದೆ ಜಾರಿಯಾಗಿ, ಗಣಕಯಂತ್ರದಲ್ಲಿರುವ ದಾಖಲೆಗಳು ಹಾಗೂ ಪಾಸ್‌ವರ್ಡ್‌ಗಳು ಅನ್ಯರ ಪಾಲಾಗಬಹುದು.

ಎರಡು ಉದಾಹರಣೆಗಳು

ಜೆಪಿಇಜಿ ಚಿತ್ರದ ಟಿಪ್ಪಣಿ ಭಾಗದ ಉದ್ದವನ್ನು 2 ಬೈಟ್‌ಗಳಲ್ಲಿ ನಮೂದಿಸಲಾಗುತ್ತದೆ. ಸದರಿ 2 ಬೈಟ್‌ಗಳೂ ಲೆಕ್ಕಕ್ಕೆ ಸೇರುವುದರಿಂದ ಈ ಸಂಖ್ಯೆಯು 2ಕ್ಕಿಂತ ಕಡಿಮೆ ಇರುವಂತಿಲ್ಲ. ಮೈಕ್ರೋಸಾಫ್ಟ್‌ನ ಚಿತ್ರ ಸಂಸ್ಕರಣಾ ತಂತ್ರಾಂಶವೊಂದು ಇದನ್ನು ಪರಿಶೀಲಿಸದೆ, ನಮೂದಾದ ಸಂಖ್ಯೆಯಿಂದ 2ನ್ನು ಕಳೆದು ಉಳಿದಷ್ಟು ಬೈಟ್‌ಗಳನ್ನು ನಕಲು ಮಾಡುತ್ತಿತ್ತು. 0 ಎಂದು ನಮೂದಿಸಿದಲ್ಲಿ ಬರುವ ಋಣ ಸಂಖ್ಯೆಯನ್ನು ಗಣಕಯಂತ್ರವು 429 ಕೋಟಿಗೂ ಹೆಚ್ಚಿನ ಸಂಖ್ಯೆಯೆಂದು ಗ್ರಹಿಸುತ್ತಿದ್ದುದರಿಂದ ಬಫರ್ ಮೀರುತ್ತಿತ್ತು. ಕಂಪನಿಯು 2004ರ ಸೆಪ್ಟೆಂಬರ್ 14ರಂದು ಇದಕ್ಕೆ ಪರಿಹಾರ ಬಿಡುಗಡೆ ಮಾಡಿತು.

2023ರಲ್ಲಿ ವೆಬ್‌ಪಿ ಚಿತ್ರಗಳನ್ನು ಓದುವ ಲಿಬ್‌ವೆಬ್‌ಪಿ ತಂತ್ರಾಂಶದಲ್ಲಿಯೂ ಇದೇ ಬಗೆಯ ದೋಷ ಕಂಡುಬಂದಿತು. ಹಲವು ಬ್ರೌಸರ್‌ಗಳು ಇದನ್ನೇ ಬಳಸುತ್ತಿದ್ದುದರಿಂದ ಅಪಾಯ ವ್ಯಾಪಕವಾಗಿತ್ತು. ಸೆಪ್ಟೆಂಬರ್ 11ರಂದು ಕ್ರೋಮ್ ಬ್ರೌಸರ್‌ಗೆ ಪರಿಹಾರ ನೀಡಿದ ಗೂಗಲ್, ಈ ದೋಷವು ಅದಾಗಲೇ ದುರ್ಬಳಕೆಯಾಗಿರುವುದು ತನ್ನ ಅರಿವಿಗೆ ಬಂದಿದೆಯೆಂದು ತಿಳಿಸಿತು.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ದೋಷವಿರುವುದು ಚಿತ್ರವನ್ನು ಓದುವ ತಂತ್ರಾಂಶದಲ್ಲಿ. ಆದ್ದರಿಂದ ಕಾರ್ಯಾಚರಣಾ ವ್ಯವಸ್ಥೆ, ಬ್ರೌಸರ್ ಹಾಗೂ ಚಿತ್ರ ತಿದ್ದುವ ತಂತ್ರಾಂಶಗಳನ್ನು ತಯಾರಕರ ಅಧಿಕೃತ ಮೂಲದಿಂದಲೇ ಕಾಲಕಾಲಕ್ಕೆ ನವೀಕರಿಸತಕ್ಕದ್ದು.

2. ನವೀಕರಣದ ನಂತರ ಬ್ರೌಸರನ್ನು ಮುಚ್ಚಿ ಪುನಃ ತೆರೆಯತಕ್ಕದ್ದು. ಅಲ್ಲಿಯವರೆಗೆ ಹಳೆಯ ಆವೃತ್ತಿಯೇ ಚಾಲನೆಯಲ್ಲಿರುತ್ತದೆ.

3. ತಯಾರಕರ ಬೆಂಬಲ ಕೊನೆಗೊಂಡ ತಂತ್ರಾಂಶಗಳಿಗೆ ಸಾಮಾನ್ಯವಾಗಿ ಪರಿಹಾರ ದೊರೆಯುವುದಿಲ್ಲ. ಅಂತಹ ಗಣಕಯಂತ್ರಗಳಲ್ಲಿ ಅರ್ಜಿ ಸಲ್ಲಿಸದಿರುವುದು ಸೂಕ್ತ.

4. ಅಪರಿಚಿತರು ಕಳುಹಿಸಿದ ಚಿತ್ರಗಳನ್ನು ತೆರೆಯಬಾರದು. ಕಡತದ ಹೆಸರನ್ನು ಬದಲಾಯಿಸಿದ ಮಾತ್ರಕ್ಕೆ ಅಪಾಯವು ನಿವಾರಣೆಯಾಗುವುದಿಲ್ಲ.